ಸೂರ್ಯನಿಂದ ಒಂಬತ್ತು ಸೆನ್, ಐದು ಮಾರು

ಒಂಬತ್ತನೆಯ ಗೂಟ ಹೊಡೆದು ತಲೆಯೆತ್ತಿದಾಗ ಶನಿಗ್ರಹ ಸುನಿಸಾಳ ಎದುರಿಗೇ ಇತ್ತು. ಆರು ಮಾರು ದೂರವೂ ಇಲ್ಲ. ಅದು ಅಲ್ಲಿರಬಾರದಿತ್ತು.

ಮೊಣಕಾಲೆತ್ತರದ ಕಲ್ಲು. ನೆತ್ತಿಯ ಮೇಲೆ ಹಿತ್ತಾಳೆಯ ತಗಡು. ಅದರಲ್ಲಿ ಕೊರೆದದ್ದು ಎರಡೇ ಸಾಲು: ಶನಿ, ೯.೫೮. ಬೆಳಗಿನಿಂದ ಆ ಅಂಕಿಯನ್ನು ಎಷ್ಟು ಸಲ ಓದಿದ್ದಳೋ. ಮತ್ತೊಮ್ಮೆ ಓದಿದಳು. ಅಂಕಿ ಬದಲಾಗಲಿಲ್ಲ.

ಗಡಿಯಾರದಲ್ಲಿ ಒಂದೂಮುಕ್ಕಾಲು. ನಾಲ್ಕು ಗಂಟೆಗೆ ಲುಂಗ್ ಹಾಮ್ ತಪ್ಪೊಪ್ಪಿಗೆಗೆ ಸಹಿ ಹಾಕುತ್ತಾನೆ.

ಭಾನುವಾರ ಸಂಜೆ ಕಾಣೆಯಾದ ನಿವೃತ್ತ ಸರ್ವೇಯರ್ ಚಮ್ರತ್ ಅವರ ರಕ್ತ ಮೆತ್ತಿದ ಟೋಪಿ ಸೋಮವಾರ ಇದೇ ಕಲ್ಲಿನ ಬುಡದಲ್ಲಿ ಸಿಕ್ಕಿತ್ತು. ಕಲ್ಲು ನಿಂತಿದ್ದು ಕಾಲುವೆಯ ಗೇಟು ಕಾಯುವ, ಊರೆಲ್ಲ 'ಲುಂಗ್', ದೊಡ್ಡಪ್ಪ, ಎಂದು ಕರೆಯುವ ಮುದುಕ ಹಾಮ್‌ನ ತುಂಡು ಜಮೀನಿನಲ್ಲಿ. ಅವನ ತೋಳು ಹಿಡಿದು ಜೀಪಿಗೆ ಹತ್ತಿಸಿದವಳು ಲೆಫ್ಟಿನೆಂಟ್ ಸುನಿಸಾಳೇ.

ಹತ್ತಿಸುವಾಗ ಅವನು ಚಪ್ಪಲಿ ಬಿಟ್ಟು ಹತ್ತಿದ್ದ, ಯಾರದೋ ಮನೆಯೊಳಗೆ ಹೋಗುವವನಂತೆ. ಎರಡು ದಿನದಿಂದ ಅವಳಿಗೆ ನಿದ್ದೆ ಕೊಡದಿದ್ದದ್ದು ಅದೊಂದೇ. ಸಾಕ್ಷ್ಯವಲ್ಲ, ಏನಲ್ಲ. ಆದರೂ ಇವತ್ತು ಕೋರ್ಟಿನ ಕಡತಕ್ಕೆ ಫೋಟೊ ತೆಗೆಯಲು ಬಂದವಳು ಕಲ್ಲಿನ ಬುಡಕ್ಕೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕಲ್ಲಿನ ಅಡಿಯಿಂದ ಹುಲ್ಲಿನ ಎಸಳುಗಳು ಹೊರಗೆ ಇಣುಕುತ್ತಿದ್ದವು. ಇನ್ನೂ ಹಸಿರಾಗಿದ್ದವು. ತಿಂಗಳ ಹಿಂದೆ ನೆಟ್ಟ ಕಲ್ಲಿನ ಅಡಿ ಹುಲ್ಲು ಹಸಿರಾಗಿ ಉಳಿಯುವುದಿಲ್ಲ.

ಹಗ್ಗ ತರಿಸಿದ್ದು ಆಮೇಲೆ.

ಸೂರ್ಯ ಇದ್ದದ್ದು ವಿಹಾರದ ಹೆಬ್ಬಾಗಿಲಲ್ಲಿ, ಹಳದಿ ಬಳಿದ ಗುಂಡು. ಅಲ್ಲಿಂದ ಪ್ಲಾಬು ಕಾಲುವೆಯ ಏರಿಯ ಮೇಲೆ ಗೆರೆ ಎಳೆದಷ್ಟು ನೇರಕ್ಕೆ ಚಮ್ರತ್ ಒಂದೊಂದೇ ಗ್ರಹವನ್ನು ನೆಡುತ್ತ ಬಂದಿದ್ದರು. ಸೂರ್ಯನಿಂದ ಭೂಮಿಗಿರುವ ದೂರವೇ ಖಗೋಳದವರ ಅಳತೆಗೋಲು; ಅದನ್ನು ಒಂದು ಎಂದಿಟ್ಟುಕೊಂಡು ಮಿಕ್ಕದ್ದನ್ನೆಲ್ಲ ಎಣಿಸುತ್ತಾರೆ. ಚಮ್ರತ್ ಆ ಒಂದನ್ನು ಒಂದು ಸೆನ್ ಮಾಡಿದರು. ಇಪ್ಪತ್ತು ಮಾರಿಗೆ ಒಂದು ಸೆನ್, ನಾನೂರು ಸೆನ್‌ಗೆ ಒಂದು ಯೋಜನ. ಗದ್ದೆ ಅಳೆದು ಬೆಳೆದ ಊರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹದಿನೈದು ಕೋಟಿ ಕಿಲೋಮೀಟರು ಇಪ್ಪತ್ತು ಮಾರಿನೊಳಗೆ ಮಡಿಚಿಕೊಂಡು ಕೂತಿತು.

ಶುಕ್ರನ ಎದುರಿಗೆ ನೂಡಲ್ ಅಂಗಡಿ, ಮಂಗಳನ ಪಕ್ಕ ದೋಣಿಕಟ್ಟೆ. ಸಂತೆಯ ಜನ ವಿಳಾಸ ಹೇಳುವುದೂ ಹಾಗೆಯೇ ಆಗಿಹೋಗಿತ್ತು. ಆದರೆ ಗುರುವನ್ನು ದಾಟಿದರೆ ಏರಿಯ ತುಂಬ ಸೊಂಟದೆತ್ತರದ ಜೊಂಡು. ಆಚೆಯ ಕಲ್ಲುಗಳನ್ನು ಅವರು ನೆಟ್ಟದ್ದು ಈ ಮಳೆಗಾಲದಲ್ಲೇ. ಮುಂದಿನ ವಾರ ವಿಜ್ಞಾನ ದಿನಕ್ಕೆ ಮಕ್ಕಳನ್ನು ಕರೆತಂದು ತೋರಿಸುವವರಿದ್ದರು. ಶನಿ ಎಲ್ಲಿದೆ ಎಂದು ಕಣ್ಣಾರೆ ಕಂಡವರು ಊರಿನಲ್ಲಿ ಬೆರಳೆಣಿಕೆ.

ಅವರ ನೋಟುಬುಕ್ಕಿನಲ್ಲಿ ಎಡಕ್ಕೆ ಆಕಾಶದ ಲೆಕ್ಕ, ಬಲಕ್ಕೆ ನೆಲದ ಲೆಕ್ಕ. ಕೊನೆಯ ಪುಟದಲ್ಲಿ ಎಲ್ಲಕ್ಕಿಂತ ಹತ್ತಿರದ ನಕ್ಷತ್ರ: ಆರುನೂರ ಎಪ್ಪತ್ತು ಯೋಜನ. ಅದರ ಮುಂದೆ ಸಣ್ಣ ಅಕ್ಷರದಲ್ಲಿ, 'ಅಲ್ಲಿ ಕಲ್ಲು ನೆಡಲು ಇಲಾಖೆ ರಜೆ ಕೊಡಲಿಲ್ಲ.' ಸುನಿಸಾ ಅದನ್ನು ಓದಿ ನಿನ್ನೆ ಮೊದಲ ಸಲ ಆ ಮನುಷ್ಯನನ್ನು ಇಷ್ಟಪಟ್ಟಿದ್ದಳು. ಆದರೆ ಶನಿಯ ಹಾಳೆ ಮಾತ್ರ ಇರಲಿಲ್ಲ. ಗುರು ಮುಗಿದು ನೇರ ಯುರೇನಸ್. ನಡುವಿನದನ್ನು ಯಾರೋ ಬ್ಲೇಡಿನಿಂದ ಕೊಯ್ದು ತೆಗೆದಿದ್ದರು.

"ಟೇಪು ತರಿಸಬಹುದಿತ್ತು ಪೀ ಸಾ," ಹಗ್ಗದ ಹಿಂದಿನ ತುದಿ ಹಿಡಿದಿದ್ದ ಪನಿದಾ ಹತ್ತಿರ ಬರುತ್ತ ಹೇಳಿದಳು. "ಹಗ್ಗ ಬಿಸಿಲಿಗೆ ಹಿಗ್ಗತ್ತೆ."

"ಹಿಗ್ಗಿದ್ರೆ ಗೇಣುದ್ದ ಹಿಗ್ಗೀತು. ಇಷ್ಟು ಹಿಗ್ಗೋ ಹಗ್ಗ ಎಲ್ಲಿ ಸಿಗತ್ತೆ ಹೇಳು, ನಂಗೂ ಒಂದು ಬೇಕು."

ಪನಿದಾ ನಗಲಿಲ್ಲ. ಅವಳು ಚಮ್ರತ್ ಅವರ ಒಬ್ಬಳೇ ಮಗಳು, ವಿಹಾರದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಸುನಿಸಾಳಿಗಿಂತ ಐದು ವರ್ಷ ಚಿಕ್ಕವಳು, ಅದಕ್ಕೇ 'ಪೀ', ಅಕ್ಕ, ಎನ್ನುತ್ತಿದ್ದಳು. ಮೂರು ದಿನದಲ್ಲಿ ಹತ್ತು ವರ್ಷ ದೊಡ್ಡವಳಂತೆ ಕಾಣುತ್ತಿದ್ದಳು. ಅಪ್ಪನ ಕೊನೆಯ ಸಂದೇಶ ಬಂದದ್ದು ಅವಳ ಫೋನಿಗೆ: 'ಶನಿಯ ಹತ್ತಿರ ಇದೀನಿ. ಒಬ್ಬರು ಸಿಗೋರಿದಾರೆ. ಊಟಕ್ಕೆ ಕಾಯಬೇಡ.' ಇಡೀ ಮೊಕದ್ದಮೆ ಆ ಮೂರು ವಾಕ್ಯಗಳ ಮೇಲೆ ನಿಂತಿತ್ತು.

ಒಂಬತ್ತು ಸೆನ್ ಆಯಿತು, ಇನ್ನು ಉಳಿದದ್ದು ಎಷ್ಟು ಎಂದು ಸುನಿಸಾ ಕೇಳಿದಳು. ಪಾಯಿಂಟ್ ಐದು ಎಂಟನ್ನು ಇಪ್ಪತ್ತರಿಂದ ಗುಣಿಸಬೇಕು, ಅಲ್ಲವೇ?

ಪನಿದಾ ಕಾಲುವೆಯ ಕಡೆ ನೋಡಿದಳು. ಇಷ್ಟು ಸಣ್ಣ ಲೆಕ್ಕಕ್ಕೆ ಅವಳು ತೆಗೆದುಕೊಂಡ ಹೊತ್ತು ದೊಡ್ಡದಾಯಿತು.

"ಹನ್ನೊಂದೂವರೆ ಮಾರು," ಅಂದಳು. "ಸ್ವಲ್ಪ ಜಾಸ್ತಿ."

ಕಲ್ಲು ಇದ್ದದ್ದು ಅದರ ಅರ್ಧ ದೂರದಲ್ಲಿ.

ಸುನಿಸಾ ಗೂಟದಿಂದ ಕಲ್ಲಿಗೆ ಹಗ್ಗ ಹಿಡಿಸಿದಳು. ಮಾರಿಗೊಂದು ಗಂಟು. ಐದು ಗಂಟು ದಾಟಿತು. ಮಿಕ್ಕದ್ದನ್ನು ಮಾರುಗೋಲಿನಿಂದ ನೋಡಿದಳು. ಕೋಲಿನ ಮೇಲೆ ಹತ್ತು ಗೆರೆ. ಎಂಟನೆಯ ಗೆರೆ ಕಲ್ಲಿನ ನಡುವಿಗೆ ಸರಿಯಾಗಿ ಕೂತಿತು.

ಐದು ಮಾರು, ಎಂಟು ಗೆರೆ.

ಅವಳು ಮತ್ತೆ ತಗಡಿನತ್ತ ಬಗ್ಗಿದಳು. ಐದು, ಎಂಟು.

ಅವಸರದಲ್ಲಿ ಎತ್ತಿ ಎಸೆದ ಕಲ್ಲಲ್ಲ ಇದು. ಸರಿಸಿದವನು ಅಳೆದು ಇಟ್ಟಿದ್ದಾನೆ. ಚುಕ್ಕಿಯ ಆಚೆಯ ಅಂಕಿಗಳನ್ನು ಇದ್ದ ಹಾಗೆಯೇ ಮಾರು ಎಂದು ಓದಿದ್ದಾನೆ. ತನ್ನ ಮನಸ್ಸಿನಲ್ಲಿ ಅವನು ಶನಿಯನ್ನು ಸರಿಯಾದ ಜಾಗಕ್ಕೇ ತಂದಿದ್ದ.

ಗೂಟದ ಬಳಿಗೆ ಹಿಂದಿರುಗಿ ಜೊಂಡು ಸರಿಸಿ ನೋಡಿದಳು. ಅವಳ ಗೂಟಕ್ಕೆ ಒಂದು ಗೇಣು ಪಕ್ಕದಲ್ಲಿ ಇನ್ನೊಂದು ತೂತು. ಅಂಚು ಚೂಪಾಗಿತ್ತು. ಭಾನುವಾರ ರಾತ್ರಿ ಏರಿಯೇ ಕೊಚ್ಚಿಹೋಗುವಂಥ ಮಳೆ ಸುರಿದಿತ್ತು. ಆ ಮಳೆಗೆ ಸಿಕ್ಕಿದ್ದರೆ ತೂತು ಮುಚ್ಚಿಹೋಗುತ್ತಿತ್ತು. ಹಾಗಾದರೆ ಕಲ್ಲು ಸರಿದದ್ದು ಮಳೆ ನಿಂತ ಮೇಲೆ. ಚಮ್ರತ್ ಕಾಣೆಯಾದ ಮೇಲೆ.

"ಪನಿದಾ, ಬಾ."

ಕಲ್ಲಿನ ಆಚೆ ತೋಡು. ತೋಡಿನ ಮೇಲೆ ಒಂದು ಹಲಗೆ. ಹಾಮ್‌ನ ಜಮೀನು ಅಲ್ಲಿಗೆ ಮುಗಿದು ಕಮ್ನಾನ್ ಪ್ರಯೋಂಗ್‌ನ ಸೀಬೆತೋಟ ಶುರುವಾಗುತ್ತಿತ್ತು. ಪ್ರಯೋಂಗ್ ಸುತ್ತಲಿನ ಎಂಟು ಹಳ್ಳಿಗಳಿಗೆ ಮುಖ್ಯಸ್ಥ, ಮೂರು ಚುನಾವಣೆ ಗೆದ್ದವನು. ನಿನ್ನೆ ಠಾಣೆಗೆ ಬಂದು ಸರಳಿನ ಸಂದಿಯಿಂದ ಹಾಮ್‌ಗೆ ಬುದ್ಧಿ ಹೇಳಿದ್ದವನೂ ಅವನೇ. ಒಪ್ಪಿಕೊಂಡರೆ ಶಿಕ್ಷೆ ಅರ್ಧ. ಹಾಮ್‌ಗೆ ಅರವತ್ತೆಂಟು. ಆ ಅರ್ಧವೂ ಅವನ ಆಯುಸ್ಸಿಗಿಂತ ಉದ್ದವೇ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಹಗ್ಗ ತೋಡು ದಾಟಿತು. ಹನ್ನೊಂದೂವರೆ ಮಾರು, ಸ್ವಲ್ಪ ಜಾಸ್ತಿ.

ಅಲ್ಲಿ ಸೀಬೆಯ ಒಣ ಎಲೆಗಳು ಬಿದ್ದಿದ್ದವು. ತೋಟದ ತುಂಬ ಎಲೆ ಬಿದ್ದಿತ್ತು, ಆದರೆ ಗಾಳಿ ಬೀಳಿಸಿದ ಎಲೆ ಹೀಗೆ ಒಂದೇ ಕಡೆ ಚಾಪೆ ಹಾಸಿದಂತೆ ಬೀಳುವುದಿಲ್ಲ. ಸುನಿಸಾ ಮಾರುಗೋಲನ್ನು ಎಲೆಯ ಮೇಲಿಟ್ಟು ಒತ್ತಿದಳು. ಕೋಲು ಮೊಳದುದ್ದ ಸದ್ದಿಲ್ಲದೆ ಇಳಿದುಹೋಯಿತು. ಎರಡು ಹೆಜ್ಜೆ ಆಚೆ ಒತ್ತಿದಳು. ಅಲ್ಲೂ ಇಳಿಯಿತು. ಮೂರನೆಯ ಹೆಜ್ಜೆಯಲ್ಲಿ ನೆಲ ಗಟ್ಟಿಯಾಗಿತ್ತು.

ಕಲ್ಲು ಕಿತ್ತ ಗುಂಡಿ ಇಷ್ಟು ಉದ್ದ ಇರುವುದಿಲ್ಲ. ಇದು ಒಬ್ಬ ಮನುಷ್ಯನಷ್ಟು ಉದ್ದವಿತ್ತು.

ಪನಿದಾಳ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಪನಿದಾ ಅಲ್ಲೇ ಕೂತಳು ಅಷ್ಟೆ. ಕೂತು, ಎಲೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಇಡತೊಡಗಿದಳು. ಸುನಿಸಾ ಅವಳ ಕೈ ಹಿಡಿದು ತಡೆದಳು.

ಈಗ ಅಗೆಯುವಂತಿಲ್ಲ ಎಂದು ಅವಳಿಗೆ ಸಮಾಧಾನದ ದನಿಯಲ್ಲಿ ಹೇಳಿದಳು. ಪಟ್ಟಣದಿಂದ ಪರೀಕ್ಷೆಯವರು ಬರಬೇಕು, ಮಣ್ಣಿನ ಒಂದೊಂದು ಪದರವೂ ಅವರಿಗೆ ಬೇಕು. ಅಲ್ಲಿಂದಲೇ ಫೋನ್ ಮಾಡಿದಳು. ವ್ಯಾನು ಹೊರಟು ಬರಲು ಒಂದೂವರೆ ಗಂಟೆ ಅಂದರು. ಠಾಣೆಗೂ ಮಾಡಿದಳು. ಠಾಣೆಯಲ್ಲಿದ್ದ ಸಾರ್ಜೆಂಟ್ ಕ್ಲಾ ತಾನೊಬ್ಬನೇ ಇದ್ದೇನೆ, ಹಾಮ್‌ನನ್ನು ಬಿಟ್ಟು ಬರಲಾರೆ, ಮಿಕ್ಕವರೆಲ್ಲ ನದಿಯ ಕೆಳಗಡೆ ದೋಣಿಯಲ್ಲಿ ಹುಡುಕುತ್ತಿದ್ದಾರೆ ಎಂದ.

ಕಾಯುತ್ತ ಕೂತರೆ ನಾಲ್ಕಾಗುತ್ತದೆ. ಮೆತ್ತನೆಯ ಮಣ್ಣು ತೋರಿಸಿ ಸಹಿ ತಡೆಯಲಾಗುವುದಿಲ್ಲ. ತೋಟ ಪ್ರಯೋಂಗ್‌ನದು. ಸಹಿ ಹಾಕು ಎಂದವನು ಪ್ರಯೋಂಗ್. ಸುದ್ದಿ ಅವನ ಕಿವಿಗೆ ಬೀಳುವ ಮೊದಲೇ ಅವನ ಮುಖ ನೋಡಬೇಕಿತ್ತು.

"ನೀನೊಬ್ಬಳೇ ಇರೋಕಾಗತ್ತಾ?"

"ಆಗತ್ತೆ," ಅಂದಳು ಪನಿದಾ. "ಹೋಗಿ ಪೀ. ನಾನೆಲ್ಲೂ ಹೋಗಲ್ಲ."

ಒಬ್ಬ ಮಗಳನ್ನು ಅಂಥ ನೆಲದ ಪಕ್ಕ ಬಿಟ್ಟು ಹೋಗುವುದು ಸರಿಯಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಸುನಿಸಾ ಬೈಕು ಹತ್ತಿದಳು.

ಪ್ರಯೋಂಗ್ ಕಂಬದ ಮನೆಯ ಕೆಳಗೆ, ನೆರಳಿನಲ್ಲಿ, ಸೀಬೆಕಾಯಿ ಹೆಚ್ಚುತ್ತ ಕೂತಿದ್ದ. ಮುಂದೆ ಒಂದು ಬಟ್ಟಲು ಉಪ್ಪುಖಾರ. ಅವಳನ್ನು ಕಂಡು ಏಳಲಿಲ್ಲ. ಮಕ್ಕಳನ್ನು ಕರೆಯುವ ಹಾಗೆ 'ನೂ' ಎಂದು ಕರೆದು, ಬಿಸಿಲಲ್ಲಿ ತಿರುಗಿ ಕಪ್ಪಾದರೆ ಯಾವ ಗಂಡೂ ಒಪ್ಪಲ್ಲ ಎಂದು ರೇಗಿಸಿ, ಚೂರಿಯ ತುದಿಯಲ್ಲೇ ಒಂದು ಹೋಳು ಚಾಚಿದ. ಅವಳು ತೆಗೆದುಕೊಂಡಳು. ಹುಳಿಗೆ ಹಲ್ಲು ಜುಮ್ಮೆಂದಿತು.

ಹೇಗೆ ಕೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು.

ಗುರುಗ್ರಹದ ಕಲ್ಲು ಸ್ವಲ್ಪ ವಾಲಿದೆ, ತೆಗೆದು ನೆಡಿಸಬೇಕು ಅಂದಳು. ತಗಡಿನ ಮೇಲೆ ಐದು ಪಾಯಿಂಟ್ ಎರಡು ಅಂತಿದೆ. ಕಮ್ನಾನ್‌ಗೆ ನೆಲದ ಲೆಕ್ಕ ಗೊತ್ತಲ್ಲ, ಅದು ಸೂರ್ಯನಿಂದ ಎಷ್ಟು ದೂರ ಬರಬೇಕು?

ಕಲ್ಲು ಸರಿಸಿದವನು ಹೇಳುವ ತಪ್ಪು ಉತ್ತರ ಅವಳ ನಾಲಗೆಯ ತುದಿಯಲ್ಲೇ ಇತ್ತು: ಐದು ಸೆನ್, ಎರಡು ಮಾರು. ಅವನು ಹಾಗಂದರೆ ಸಾಕಿತ್ತು.

"ಐದು ಸೆನ್, ನಾಲ್ಕು ಮಾರು," ಅಂದ ಪ್ರಯೋಂಗ್. ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ. "ಸೆನ್‌ಗೆ ಇಪ್ಪತ್ತು ಮಾರಾದ್ರೆ ಹತ್ತರಲ್ಲಿ ಎರಡು ಪಾಲು ನಾಲ್ಕು. ಪೊಲೀಸ್ ಕಾಲೇಜಲ್ಲಿ ಇದೂ ಹೇಳ್ಕೊಡಲ್ವಾ ನೂ?"

ಸುನಿಸಾ ಬಾಯಲ್ಲಿದ್ದ ಹೋಳನ್ನು ನುಂಗಿದಳು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ನಿಮ್ಮ ತೋಟದ ಅಂಚಿನಲ್ಲಿ ಅಗೆದ ನೆಲ ಇದೆ ಅಂದಳು. ಶನಿಯ ಕಲ್ಲು ಅಲ್ಲಿತ್ತು, ಯಾರೋ ತೋಡು ದಾಟಿಸಿ ಹಾಮ್‌ನ ಕಡೆಗಿಟ್ಟರು. ಭಾನುವಾರ ಸಂಜೆ ಎಲ್ಲಿದ್ದಿರಿ? ಹಾಮ್‌ಗೆ ಸಹಿ ಹಾಕು ಅಂದದ್ದೇಕೆ?

ಚೂರಿ ನಿಂತಿತು. ಅವನು ಮೊದಲು ನೋಡಿದ್ದು ಅವಳನ್ನಲ್ಲ, ತೋಟದ ದಿಕ್ಕನ್ನು. ಕೈಯಲ್ಲಿದ್ದ ಸೀಬೆಕಾಯಿ ಜಾರಿ ಉಪ್ಪುಖಾರದ ಬಟ್ಟಲಿಗೆ ಬಿತ್ತು. ಅಷ್ಟು ವರ್ಷ ಜನರ ಮುಂದೆ ಭಾಷಣ ಮಾಡಿದ ಮನುಷ್ಯ, ಆದರೆ ಇದು ನಟನೆಯಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದೇ ಅವಳನ್ನು ಇನ್ನಷ್ಟು ಹೆದರಿಸಿತು.

ಭಾನುವಾರ ಅವನು ಊರಿನಲ್ಲೇ ಇರಲಿಲ್ಲ. ತಮ್ಮನ ಮಗ ಭಿಕ್ಷು ದೀಕ್ಷೆ ತೆಗೆದುಕೊಂಡಿದ್ದ. ಅವನ ತಲೆಗೂದಲಿನ ಮೊದಲ ಎಳೆ ಕತ್ತರಿಸಿದ್ದು ತಾನೇ, ಇನ್ನೂರು ಜನ ನೋಡಿದ್ದಾರೆ, ಬಂದದ್ದು ಸೋಮವಾರ ಮಧ್ಯಾಹ್ನ ಎಂದ. ಚಮ್ರತ್ ತೋಡಿನ ಹತ್ತಿರ ಎಲ್ಲೋ ಕಲ್ಲು ನೆಡುತ್ತೇನೆಂದು ಕೇಳಿದ್ದರು, ನೆಡಿ ಎಂದಿದ್ದ. ಯಾವ ದಡ ಎಂದು ನೋಡಲು ಹೋಗಿರಲಿಲ್ಲ. ಇನ್ನು ಹಾಮ್‌ನ ಮಾತು. ತಾನಾಗಿ ಹೋದದ್ದಲ್ಲ, ಅವನೇ ಹೇಳಿಕಳಿಸಿದ್ದ. ಒಪ್ಪಿಕೊಂಡರೆ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿದ್ದ. ಗೊತ್ತಿದ್ದದ್ದನ್ನು ಹೇಳಿದೆ ಅಷ್ಟೆ.

"ಕಲ್ಲು ಈಗ ಎಲ್ಲಿದೆ ಅಂದೆ?" ಅವನು ಕೇಳಿದ. "ಸರಿಯಾಗಿ ಎಷ್ಟಕ್ಕೆ?"

"ಒಂಬತ್ತು ಸೆನ್. ಐದು ಮಾರು, ಎಂಟು ಗೆರೆ."

"ಎಂಟು ಗೆರೆ ಅಂತ ಅಷ್ಟು ಕರಾರುವಾಕ್ಕಾಗಿ ಇಟ್ಟಿದಾರೆ?"

"ಹೌದು."

ಪ್ರಯೋಂಗ್ ಕೈ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ರೈತ ಈ ತಪ್ಪು ಮಾಡಲ್ಲ ನೂ. ನಮಗೆ ಅರ್ಧ ಗೊತ್ತು, ಕಾಲು ಗೊತ್ತು. ಚುಕ್ಕಿ ಇಟ್ಟಿದ್ದು ಕಂಡ್ರೆ ಇನ್ನೊಬ್ಬರನ್ನ ಕೇಳ್ತೀವಿ. ನೀನು ಗೇಟಿನ ಹತ್ರ ನೀರಳೆಯೋ ಹಲಗೆ ನೋಡಿದೀಯ? ದೊಡ್ಡ ಅಂಕಿ ಮೀಟರು. ಅದರ ಮೇಲೆ ಗೆರೆ. ಒಂದು ಪಾಯಿಂಟ್ ಐದು ಅಂದ್ರೆ ಒಂದು, ಆಮೇಲೆ ಐದು ಗೆರೆ. ದಿನಾ ಎರಡು ಹೊತ್ತು ಅದನ್ನ ಓದಿ ಓದಿ, ಚುಕ್ಕಿ ಕಂಡ ತಕ್ಷಣ ಆಚೇದನ್ನ ಗೆರೆ ಎಣಿಸಿಬಿಡ್ತಾರೆ. ಮೀಟರಿಗೆ ಹತ್ತು ಗೆರೆ, ಸರಿಹೋಗತ್ತೆ. ಸೆನ್‌ಗೆ ಇಪ್ಪತ್ತು ಮಾರು, ಅಲ್ಲಿ ಎಡವತಾರೆ."

"ಯಾರು?"

"ಅದು ಗೇಟು ಕಾಯೋರ ಲೆಕ್ಕ." ಅವನ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ. "ಈ ಕಾಲುವೆಗೆ ಮೂವತ್ತು ವರ್ಷದಿಂದ ಒಬ್ಬನೇ ಇರೋದು. ಅವನನ್ನ ಬಿಡಿಸೋಕೆ ಅಂತ ಹಗ್ಗ ಹಿಡ್ಕೊಂಡು ಹೊರಟೆ. ನೀನೇ ಅದನ್ನ ಅವನ ಕುತ್ತಿಗೆಗೆ ಹಾಕ್ಕೊಂಡು ಬಂದಿದೀಯ."

ಠಾಣೆ ತಲುಪಿದಾಗ ಮೂರೂಕಾಲು ದಾಟಿತ್ತು. ಕಾಲುವೆ ದಂಡೆಯ ರಸ್ತೆಯಲ್ಲಿ ಎರಡು ಕಡೆ ಬೈಕು ಜಾರಿತ್ತು. ಮೊಣಕೈ ತರಚಿದ್ದು ಇಳಿದ ಮೇಲೆ ಗೊತ್ತಾಯಿತು. ಬಾಗಿಲಲ್ಲೇ ಕ್ಲಾ ಎದುರಾದ. ಮೇಲಿನವರು ಅವಸರ ಮಾಡುತ್ತಿದ್ದಾರೆ, ಸಹಿ ಬೇಗ ಮುಗಿಸಿ ಕೋರ್ಟಿಗೆ ಕಳಿಸಿ ಎಂದು ಎರಡು ಸಲ ಫೋನ್ ಬಂತು ಎಂದ.

ಹಾಮ್ ಮೇಜಿನ ಮುಂದೆ ಕೂತಿದ್ದ. ಕಾಗದ ಅವನ ಎದುರಿಗಿತ್ತು, ಪೆನ್ನು ಅವನ ಕೈಯಲ್ಲಿತ್ತು. ಹಿಡಿದ ರೀತಿ ನೋಡಿದರೆ ಸಹಿ ಹಾಕಿ ಬಹಳ ವರ್ಷವಾಗಿತ್ತು ಅನ್ನಿಸುತ್ತಿತ್ತು. ಬರೆಯಬೇಕಾದ ಜಾಗ ಯಾವುದೆಂದು ಕ್ಲಾ ಪೆನ್ಸಿಲಿನಲ್ಲಿ ಗೀಟು ಹಾಕಿ ಕೊಟ್ಟಿದ್ದ. ಇನ್ನೂ ಖಾಲಿಯಿತ್ತು.

ಸುನಿಸಾ ಕಾಗದದ ಮೇಲೆ ಅಂಗೈ ಇಟ್ಟು ಎದುರು ಕೂತಳು.

"ಲುಂಗ್, ಒಂದು ಲೆಕ್ಕ ಕೇಳ್ತೀನಿ. ಐದು ಪಾಯಿಂಟ್ ಎರಡು ಸೆನ್ ಅಂದ್ರೆ ಎಷ್ಟು?"

ಮುದುಕ ಅವಳ ಮುಖ ನೋಡಿದ. ಎರಡು ದಿನದಲ್ಲಿ ಯಾರಾದರೂ ಅವನಿಗೆ ಗೊತ್ತಿರುವುದನ್ನು ಕೇಳಿದ್ದು ಇದೇ ಮೊದಲು. ಮುಖ ಚೂರು ಅರಳಿತು.

"ಐದು ಸೆನ್, ಎರಡು ಮಾರು, ನಾಯ್."

'ನಾಯ್' ಅಂದದ್ದು 'ಒಡೆಯರೇ' ಎನ್ನುವ ಮರ್ಯಾದೆಗೆ. ತಡವರಿಸಲಿಲ್ಲ. ಸುನಿಸಾ ಕಣ್ಣು ಮುಚ್ಚಿ ತೆರೆದಳು. ಪಕ್ಕದಲ್ಲಿ ನಿಂತಿದ್ದ ಕ್ಲಾಗೆ ಇದರ ಅರ್ಥ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಾಗದವನ್ನು ಇನ್ನೂ ಹತ್ತಿರಕ್ಕೆ ಸರಿಸುತ್ತಿದ್ದ. ಈ ಒಂದು ಉತ್ತರವನ್ನು ಬರೆದುಕೊಂಡರೆ ಸಾಕು, ತಪ್ಪೊಪ್ಪಿಗೆಯೂ ಬೇಕಾಗಿಲ್ಲ.

"ಶನಿಯ ಕಲ್ಲು ಸರಿಸಿದ್ದು ನೀವಾ?"

"ಹೌದು ನಾಯ್." ಅವನು ಪೆನ್ನನ್ನು ಕೆಳಗಿಟ್ಟ. "ಅದೂ ತಪ್ಪಾ?"

ಸೋಮವಾರ ಬೆಳಗಿನ ಜಾವ, ಬೆಳಕು ಹರಿಯುವ ಹೊತ್ತು ಎಂದ. ಕಲ್ಲು ಭಾರವಿತ್ತು, ಹಲಗೆಯ ಮೇಲೆ ಉರುಳಿಸಿ ತಂದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದ. ಎಲ್ಲರೂ ಕೇಳಿದ್ದು ಟೋಪಿಯ ವಿಷಯ, ಗೇಟು ತಡವಾಗಿ ತೆಗೆದೆನೆಂದು ಚಮ್ರತ್ ಬೈದ ವಿಷಯ. ಕಲ್ಲಿನ ವಿಷಯ ಯಾರೂ ಎತ್ತಲಿಲ್ಲ. ಹೇಳುವುದಿಲ್ಲ ಎಂದು ಮಾತು ಬೇರೆ ಕೊಟ್ಟಿದ್ದ.

ಮಾತು ಕೊಟ್ಟಿದ್ದ.

ಇಂಥ ಹಗ್ಗದಲ್ಲಿ ಒಂಬತ್ತು ಸೆನ್ ಅಳೆಯಬೇಕಾದರೆ ಒಬ್ಬರಿಂದ ಆಗುವುದಿಲ್ಲ. ಮುಂದೆ ಒಬ್ಬರು ಗೂಟ ಹೊಡೆಯಬೇಕು, ಹಿಂದೆ ಒಬ್ಬರು ತುದಿ ಹಿಡಿದು ನಿಲ್ಲಬೇಕು. ಇವತ್ತು ಅವಳೇ ಅಳೆದದ್ದಲ್ಲವೇ?

"ಹಗ್ಗದ ಹಿಂದಿನ ತುದಿ ಯಾರು ಹಿಡಿದಿದ್ರು ಲುಂಗ್?"

ಅವನು ಕಾಗದ ನೋಡಿದ, ಕ್ಲಾನನ್ನು ನೋಡಿದ. ಕೊಟ್ಟ ಮಾತಿನ ತೂಕ ಅವನ ಮುಖದ ಮೇಲೆ ಕಾಣುತ್ತಿತ್ತು.

"ಹೇಳಿದ್ರೆ ಅವರಿಗೆ ತೊಂದರೆ ಆಗಲ್ವಾ?"

"ಹೇಳದಿದ್ರೆ ನಿಮಗೆ ಆಗತ್ತೆ."

"ನಂದು ಹೇಗೂ ಆಗಿಹೋಯ್ತಲ್ಲ." ಪೆನ್ನನ್ನು ಕಾಗದದಿಂದ ದೂರಕ್ಕೆ ಸರಿಸಿದ. "ಟೀಚರ್ ಪನಿದಾ."



ಉಳಿದದ್ದನ್ನು ಅವನು ಕೇಳದೆಯೇ ಹೇಳಿದ, ಮೂಟೆ ಇಳಿಸುವವನಂತೆ. ಕತ್ತಲು ಹರಿಯುವ ಮುಂಚೆ ಅವಳು ಬಂದು ಗುಡಿಸಲಿನ ಬಾಗಿಲು ತಟ್ಟಿದ್ದಳು. ಅಪ್ಪ ಶನಿಯನ್ನು ತಪ್ಪು ಜಾಗದಲ್ಲಿ ನೆಟ್ಟಿದ್ದಾರೆ, ವಿಜ್ಞಾನ ದಿನಕ್ಕೆ ಬೇರೆ ಶಾಲೆಯವರು ಬಂದು ಅಳೆದರೆ ನಗುತ್ತಾರೆ, ಅಪ್ಪನಿಗೆ ಗೊತ್ತಾಗದ ಹಾಗೆ ಸರಿಮಾಡಿಬಿಡೋಣ ಅಂದಿದ್ದಳು. ಅಪ್ಪನ ಮಾನ ಉಳಿಸುವ ಮಗಳು ಎಂದು ಅವನಿಗೆ ಹೆಮ್ಮೆಯೇ ಆಗಿತ್ತು. ಅವನ ಮೊಮ್ಮಗಳಿಗೆ ಓದು ಕಲಿಸಿದವಳು ಅವಳು. ಒಂಬತ್ತನೆಯ ಗೂಟದ ಹತ್ತಿರ ಅವನಿಗೆ ಒಂದು ಅನುಮಾನ ಬಂದಿತ್ತು. ಐದು ಮಾರು ಎಂಟು ಗೆರೆ ತಾನೇ ಎಂದು ಕೇಳಿದ್ದ.

"ಅವಳೇನಂದಳು?"

"ಹೌದು ಲುಂಗ್, ನಿಮ್ಮ ಲೆಕ್ಕವೇ ಸರಿ ಅಂದರು."

ವಿಜ್ಞಾನ ಕಲಿಸುವವಳು. ಸರ್ವೇಯರ್‌ನ ಮಗಳು.

ಸುನಿಸಾ ಆಗಲೇ ಫೋನ್ ಕೈಗೆತ್ತಿಕೊಂಡಿದ್ದಳು. ಪನಿದಾಳ ನಂಬರು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಪಟ್ಟಣದ ವ್ಯಾನು ಎಲ್ಲಿಗೆ ಬಂತು ಎಂದು ಕ್ಲಾನನ್ನು ಕೇಳಿದಳು.

ಅವನು ಗಲಿಬಿಲಿಗೊಂಡ. "ನೀವೇ ಬೇಡ ಅಂದ್ರಂತಲ್ಲ ಮೇಡಂ. ನಿಮ್ಮ ಪರವಾಗಿ ಯಾರೋ ಹೆಂಗಸು ಫೋನ್ ಮಾಡಿ, ಏನೂ ಸಿಕ್ಕಿಲ್ಲ, ನಾಳೆ ಬನ್ನಿ ಅಂದ್ರಂತೆ. ಅರ್ಧ ದಾರಿಯಿಂದ ವಾಪಸ್ ಹೋದ್ರು."

ಮತ್ತೆ ನಂಬರು ಒತ್ತಿದಳು. ಬೆರಳು ತಪ್ಪಿತು. ಮತ್ತೆ ಒತ್ತಿದಳು. ಎದುರಿನಲ್ಲಿ ಹಾಮ್ ಪೆನ್ನನ್ನು ಕೈಗೆತ್ತಿಕೊಂಡು, ಸಹಿ ಹಾಕುವುದೋ ಬೇಡವೋ ಎಂದು ತಿಳಿಯದೆ ಅವಳ ಮುಖವನ್ನೇ ನೋಡುತ್ತಿದ್ದ.

ನಾಲ್ಕನೆಯ ಸಲ ಎತ್ತಿದರು.

ಮೊದಲು ಬರೀ ಉಸಿರು ಕೇಳಿಸಿತು, ಓಡಿ ಬಂದವರ ಉಸಿರು. ಆಮೇಲೆ ಪನಿದಾಳ ದನಿ. ಎಂದಿನ ಮೃದು ದನಿ.

"ಪೀ ಸಾ, ಲುಂಗ್ ಹಾಮ್ ಸಹಿ ಹಾಕಿ ಆಯ್ತಾ?"

ಸುನಿಸಾ ಉತ್ತರಿಸುವ ಮೊದಲೇ ಆ ಕಡೆ ಗುದ್ದಲಿ ಮೆತ್ತನೆಯ ಮಣ್ಣಿಗೆ ಇಳಿಯಿತು. ಇನ್ನೊಮ್ಮೆ ಇಳಿಯಿತು. ಬಳಿಕ ಫೋನಿನ ತೀರ ಹತ್ತಿರದಿಂದ ಒಬ್ಬ ಗಂಡಸು ಮಾತಾಡಿದ. ವಯಸ್ಸಾದ, ದಣಿದ ದನಿ, ಮೂರು ದಿನದಿಂದ ದೋಣಿಗಳು ನದಿಯಲ್ಲಿ ಹುಡುಕುತ್ತಿದ್ದ ಮನುಷ್ಯನದು. ಹಾಗಾದರೆ ಆ ಮಣ್ಣಿನೊಳಗೆ ಇರುವುದು ಭಾನುವಾರ ಅವರಿಗೆ ಸಿಗಬೇಕಿದ್ದ ಆ 'ಒಬ್ಬರೇ'?

"ಇನ್ನು ಅರ್ಧ ಮಾರು ಅಷ್ಟೆ, ಮಗಳೇ. ಫೋನ್ ಇಡು."